ಓಬಮ್ಮನ ಗಾಡಿ ಕೂಗಿದ್ದು

ಕೇಳೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಈಗಲೇ ಎದ್ದುಹೋಗಿ. ನಡುವೆ ಎದ್ದರೆ ನನಗೆ ಸಿಟ್ಟು ಬರತ್ತೆ. ಇನ್ನೊಂದು ಮಾತು. ಪಾಲಯ್ಯನ್ನ ನೋಡಿ ನಗಿ, ಬೇಡ ಅನ್ನಲ್ಲ. ಅವರವ್ವನ್ನ ನೋಡಿ ನಕ್ಕರೆ ಮಾತ್ರ ಕತೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ.

ಚಳ್ಳಕೆರೆ ಕಡೆ ಒಂದೂರು. ಆ ಊರಲ್ಲಿ ಓಬಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಪಾಲಯ್ಯ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಬಾಗಿಲು ನೋಡ್ಕೊಳೋ" ಅಂದರೆ ಬಾಗಿಲನ್ನೇ ನೋಡ್ತಾ ಕೂರೋನು. ಹಿತ್ತಲಿಂದ ನಾಯಿ ಬಂದು ರೊಟ್ಟಿ ತಿಂದು ಹೋಗೋದು. "ಏನೋ ಇದು?" ಅಂದರೆ, "ಬಾಗಿಲು ನೋಡು ಅಂದೆ, ರೊಟ್ಟಿ ನೋಡು ಅಂದ್ಯಾ?" ಅನ್ನೋನು. ಓಬಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ಗಂಡ ಸತ್ತಾಗ ಓಬಮ್ಮನಿಗೆ ಉಳಿಸಿ ಹೋಗಿದ್ದು ಒಂದು ಹಳೇ ವ್ಯಾನು. ಅದರಲ್ಲಿ ಗಾಣದ ಕಡ್ಲೆಕಾಯಿ ಎಣ್ಣೆ ತುಂಬಿಕೊಂಡು ಸಂತೆಗೆ ಹೋಗಿ ಮಾರಿದರೆ ಮನೇಲಿ ಒಲೆ ಉರಿಯೋದು. ಸ್ಟೇರಿಂಗ್ ಹಿಡಿಯೋಳು ಓಬಮ್ಮನೇ. ಹೆಂಗಸು ಗಾಡಿ ಓಡಿಸ್ತಾಳಾ ಅಂತ ಊರು ಮೂಗಿನ ಮೇಲೆ ಬೆರಳಿಟ್ಟಾಗ ಅವಳು ಹಾರನ್ನಿನ ಮೇಲೆ ಕೈಯಿಟ್ಟಳು. ಅಂಥೋಳು ಅವಳು!

ಆ ವ್ಯಾನಿನ ಮೇಲೆ ಮೈದುನ ಸೂರಯ್ಯನ ಕಣ್ಣು. ಬೀದೀಲಿ ಕಳ್ಳತನ ಶುರುವಾಗಿ, ಒಬ್ಬರ ಸ್ಟೆಪ್ನಿ, ಇನ್ನೊಬ್ಬರ ಬ್ಯಾಟರಿ ಮಾಯ ಆಗಿದ್ದೇ ತಡ, ಓಡಿಬಂದ.

"ಅತ್ತಿಗೆಮ್ಮ, ಗಾಡಿ ನಮ್ಮಣ್ಣಂದು. ಕಳ್ಳರ ಪಾಲಾಗೋದು ಬೇಡ. ಕೀ ಇತ್ತ ಕೊಡು, ನಾನು ಇಟ್ಕೋತೀನಿ."

"ಯಾಕೆ ಕೊಡ್ಲಿ? ಅಲಾರಂ ಹಾಕ್ತೀವಿ."

"ಯಾವ ಗ್ಯಾರೇಜಲ್ಲಿ?"

"ಗ್ಯಾರೇಜು ಯಾಕೆ? ನನ್ನ ಮಗ ಸತ್ತಿದ್ದಾನಾ? ಅವನೇ ಹಾಕ್ತಾನೆ!"

ಸೂರಯ್ಯ ಪಂಚೆ ಬಿಚ್ಚಿಹೋಗೋ ಹಂಗೆ ನಕ್ಕ. "ಪಾಲಯ್ಯನಾ? ಹಂಗಾದ್ರೆ ಮಾತಾಗ್ಲಿ. ಸಂತೆ ದಿನ ಬೆಳಿಗ್ಗೆ ಬಂದು ಗಾಡಿ ಮುಟ್ತೀನಿ. ಕೂಗಲಿಲ್ಲ ಅಂದ್ರೆ ಕೀ ನಂದು."

"ಕೂಗಿದ್ರೆ?"

"ಕೂಗಿದ್ರೆ ಗಾಡಿ ನಿಂದು. ಇನ್ನು ಅದರ ಸುದ್ದಿಗೇ ಬರಲ್ಲ."

"ಬೀದಿಯೋರೆಲ್ಲ ಕೇಳಿಸ್ಕೊಳ್ರಪ್ಪಾ!" ಅಂತ ಓಬಮ್ಮ ಗಟ್ಟಿಯಾಗಿ ಸಾರಿದಳು. ಸಾರಿ, ಒಳಗೆ ಬಂದು ಮಗನ ಮುಖ ನೋಡಿದಳು. ಯಾಕಾದ್ರೂ ಅಂದೆನೋ ಅನ್ನಿಸಿತು. ಆದರೆ ಆಡಿದ ಮಾತು ಆಡಿಯಾಗಿತ್ತು.

ಪಾಲಯ್ಯ ಅಂಗಡಿಗೆ ಹೋಗಿ ಅಲಾರಂ ತಂದ. ಅಗ್ಗದ ಮಾಲು. ಒಂದು ಸೈರನ್ನು, ಒಂದಿಷ್ಟು ವೈರು, ಒಂದು ಪುಟ್ಟ ಸ್ವಿಚ್ಚು. ಗಾಡಿ ಮುಟ್ಟಿದರೆ ಸೈರನ್ನು ಕೂಗತ್ತೆ, ಸ್ವಿಚ್ಚು ಒತ್ತಿದರೆ ಸುಮ್ಮನಾಗತ್ತೆ. ಅಂಗಡಿಯೋನು ಹೇಳಿದ್ದ, "ತಮ್ಮಾ, ಮೊದಲು ಬ್ಯಾಟರಿ ವೈರು ಬಿಚ್ಚು, ಆಮೇಲೆ ಕೆಲಸ." ಪಾಲಯ್ಯ ಬಿಚ್ಚಿದ, ಸೈರನ್ನು ಕೂರಿಸಿದ, ವೈರೆಲ್ಲ ಸುತ್ತಿದ. ಓಬಮ್ಮ ಬಂದು ಗಾಡಿಗೆ ಒಂದು ಏಟು ಕೊಟ್ಟಳು. ಸದ್ದಿಲ್ಲ. ಇನ್ನೊಂದು ಕೊಟ್ಟಳು. ಅವಳ ಕೈಯೇ ನೊಂದಿತು.

"ಬ್ಯಾಟರಿ ವೈರು ಹಾಕಿದ್ಯೇನೋ?"

"ಅವನು ಬಿಚ್ಚು ಅಂದ. ಹಾಕು ಅಂದ್ನಾ?"

"ಅಯ್ಯೋ ನನ್ನ ಕರ್ಮವೇ! ಬಿಚ್ಚಿದ ಮೇಲೆ ಹಾಕ್ಬೇಕೋ! ಏನೇ ಬಿಚ್ಚು, ಮೊದಲು ಹೆಂಗಿತ್ತೋ ಹಂಗೇ ತಿರುಗಿ ಕಟ್ಟಬೇಕು!"

"ಆಗ್ಲಿ ಬಿಡವ್ವ, ಅದಕ್ಯಾಕೆ ಕೂಗಾಡ್ತೀಯ! ಹಂಗೇ ಮಾಡ್ತೀನಿ."

ಬ್ಯಾಟರಿ ವೈರು ತಿರುಗಿ ಕಟ್ಟಿದ. ಅಷ್ಟಕ್ಕೇ ಬಿಟ್ಟನಾ? ಯೋಚನೆ ಮಾಡಿದ. ಇನ್ನೇನೇನು ಬಿಚ್ಚಿದೆ? ಸೈರನ್ನಿನ ಪ್ಲಾಸ್ಟಿಕ್ಕು ಬಿಚ್ಚಿದೆ. ಥರ್ಮೋಕೋಲು ಬಿಚ್ಚಿದೆ. ರಟ್ಟಿನ ಡಬ್ಬ ಬಿಚ್ಚಿದೆ. ಸೈರನ್ನಿಗೆ ಪ್ಲಾಸ್ಟಿಕ್ಕು ಸುತ್ತಿದ, ಥರ್ಮೋಕೋಲು ಒತ್ತಿದ, ಡಬ್ಬಕ್ಕೆ ತುಂಬಿ, ಮೇಲೆ ಗೋಣಿದಾರ ಬಿಗಿದು, ಬಂಪರಿನ ಹಿಂದೆ ಕಟ್ಟಿದ. ಓಬಮ್ಮ ಏಟು ಕೊಟ್ಟಳು. ಒಳಗಿಂದ ಎಳೇ ನಾಯಿಮರಿ ಥರ "ಕುಂಯ್" ಅಂತು.

"ಏನೋ ಇದು!"

"ನೀನೇ ಹೇಳಿದ್ದು! ಹೆಂಗಿತ್ತೋ ಹಂಗೇ ಕಟ್ಟು ಅಂದೆ!"

"ಅಯ್ಯೋ ನನ್ನ ಕರ್ಮವೇ! ಮುಚ್ಚಿಟ್ಟರೆ ಯಾರಿಗೆ ಗೊತ್ತಾಗತ್ತೋ? ಬಟಾಬಯಲಲ್ಲಿ ಇಡ್ಬೇಕು! ಊರೋರಿಗೆಲ್ಲ ಗೊತ್ತಾಗೋ ಹಂಗೆ ಇಡ್ಬೇಕು!"

"ಸಿಟ್ಟು ಯಾಕವ್ವ? ಹಂಗೇ ಇಡ್ತೀನಿ."

ಸೈರನ್ನನ್ನ ಡಬ್ಬದಿಂದ ಬಿಡಿಸಿ ಓಬಮ್ಮನೇ ನಿಂತು ಕಟ್ಟಿಸಿದಳು. ಇನ್ನು ಉಳಿದಿದ್ದು ಸ್ವಿಚ್ಚು. ಅದನ್ನ ಪಾಲಯ್ಯ ಎಲ್ಲಿಟ್ಟ ಅಂತೀರಿ? ಗಾಡಿ ಮೂತಿ ಮೇಲೆ, ನಟ್ಟನಡುವೆ! ಸುತ್ತ ಸುಣ್ಣ ಬಳಿದು, ಅರಿಶಿನ ಕುಂಕುಮ ಇಟ್ಟು, ಒಂದು ಸೇವಂತಿಗೆ ಹೂವನ್ನೂ ಸಿಕ್ಕಿಸಿದ. ಗಾಡಿ ಕೂಗೋಕೆ ಬಾಯಿ ತೆಗೆದರೆ ಸಾಕು, ದಾರೀಲಿ ಹೋಗೋರು ಒತ್ತಿ ಸುಮ್ಮನಾಗಿಸೋರು. ಹಾಲಿನೋನು ಒತ್ತಿದ. ಕ್ಷೌರದೋನು ಒತ್ತಿದ. ಹೂವಿನ ಗಂಗಕ್ಕ ದೇವರು ಅಂದ್ಕೊಂಡು ಕಣ್ಣಿಗೊತ್ತಿಕೊಂಡು ಒತ್ತಿದಳು. ಸೂರಯ್ಯನೂ ಬಂದು ಒತ್ತಿ, ಮೀಸೆ ತಿರುವಿಕೊಂಡು ಹೋದ. ನಾಳೆ ಬೆಳಗಾದರೆ ಸಂತೆ!

ಓಬಮ್ಮನ ಕಣ್ಣಲ್ಲಿ ನೀರು ಬಂತು. ಅದು ಅಳುವಲ್ಲ, ರೋಷ.

"ಪಾಪಿ! ಅದು ಗುಟ್ಟಿನ ಸ್ವಿಚ್ಚು ಕಣೋ! ನರಪಿಳ್ಳೆಗೂ ಕಾಣದ ಕಡೆ ಇಡ್ಬೇಕು! ಎಲ್ಲಿಟ್ಟೆ ಅಂತ ಯಾರಿಗೂ ಹೇಳ್ಬಾರ್ದು! ಹೆತ್ತ ತಾಯಿ ಕೇಳಿದ್ರೂ ಹೇಳ್ಬಾರ್ದು!"

"ಅಷ್ಟೇ ತಾನೇ? ಹೇಳಲ್ಲ!" ಅಂದ ಪಾಲಯ್ಯ. ಗಾಡಿ ಒಳಗೆ ನುಸುಳಿ, ಬಾಗಿಲು ಹಾಕಿಕೊಂಡು, ಎಲ್ಲೋ ಇಟ್ಟ.

ಸಂತೆ ದಿನ ಬೆಳಗಾಯಿತು. ಬೀದಿಗೆ ಬೀದಿಯೇ ಸೇರಿತ್ತು. ಸೂರಯ್ಯ ಹೊಸ ಶರ್ಟು ಹಾಕಿಕೊಂಡು ಬಂದಿದ್ದ, ಗಾಡಿ ಓಡಿಸಿಕೊಂಡೇ ಹೋಗೋದು ಅಂತ. ಬಂದವನೇ ಗಾಡಿ ಮೇಲೆ ಕೈಯಿಟ್ಟ.

"ಕುಯ್ಯೋ ಕುಯ್ಯೋ ಕುಯ್ಯೋ!"

ಸೂರಯ್ಯ ಬೆಚ್ಚಿಬಿದ್ದು ಚರಂಡಿಗೆ ಕಾಲಿಟ್ಟ. ಬೀದಿ ಹೋ ಅಂತು. ಓಬಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕೇಳಿಸ್ತೇನೋ ಸೂರಯ್ಯ? ನನ್ನ ಮಗ ಹಾಕಿದ್ದು! ಸರಿ ಪಾಲಯ್ಯ, ಇನ್ನು ನಿಲ್ಲಿಸು. ಸ್ವಿಚ್ಚು ಎಲ್ಲಿ?"

"ಹೇಳಲ್ಲ."

"ಏನಂದೆ?"

"ಹೆತ್ತ ತಾಯಿ ಕೇಳಿದ್ರೂ ಹೇಳ್ಬಾರ್ದು ಅಂದಿದ್ದು ನೀನೇ!"

"ಸರಿ, ನೀನೇ ಹೋಗಿ ಒತ್ತೋ!"

"ಒತ್ತಿದ್ರೆ ಇವರೆಲ್ಲ ನೋಡ್ತಾರಲ್ಲ! ಗುಟ್ಟು!"

ಗಾಡಿ ಕುಯ್ಯೋ ಅಂತಲೇ ಇತ್ತು. ಓಬಮ್ಮನ ತಲೆ ಕೆಟ್ಟುಹೋಯಿತು.

"ಅಯ್ಯೋ ನನ್ನ ಕರ್ಮವೇ! ನಿನ್ನೆ ಆಗಿದ್ದು, ಆಡಿದ್ದು, ಎಲ್ಲಾ ಮರ್ತುಬಿಡೋ!"

ಪಾಲಯ್ಯ ಕಣ್ಣು ಗಟ್ಟಿಯಾಗಿ ಮುಚ್ಚಿದ, ಕಿವಿ ಮುಚ್ಚಿದ, ಹಲ್ಲು ಕಚ್ಚಿದ. ಆಮೇಲೆ ಕಣ್ಣು ಬಿಟ್ಟ.

"ಮರ್ತೆ ಅವ್ವ."

"ಈಗ ಹೇಳು, ಸ್ವಿಚ್ಚು ಎಲ್ಲಿ?"

"ಯಾವ ಸ್ವಿಚ್ಚು?"

ಬೀದಿಯೋರು ಬಿದ್ದು ಬಿದ್ದು ನಕ್ಕರು. ಸೂರಯ್ಯ ಕಾಲಿನ ಕೊಚ್ಚೆ ಒರೆಸಿಕೊಂಡು ಮುಂದೆ ಬಂದ. "ನೋಡಿದ್ಯಾ ಅತ್ತಿಗೆಮ್ಮ? ಇದು ಅಲಾರಮ್ಮಾ? ನಿಲ್ಲೋದೇ ಇಲ್ಲ. ಮಾತು ಮಾತೇ. ಕೀ ಕೊಡು!"

ಓಬಮ್ಮ ಮಗನ್ನ ನೋಡಿದಳು. ಸೂರಯ್ಯನ್ನ ನೋಡಿದಳು. ಇಷ್ಟು ವರ್ಷ ಮಗನ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದ್ದ ಆ ಮಾತಿನ ವರಸೆ ಈಗ ಅವಳ ಬಾಯಿಗೇ ಬಂತು.

"ನೀನು ಏನಂದಿದ್ದೆ? ಮುಟ್ಟಿದ್ರೆ ಕೂಗ್ಬೇಕು ಅಂದೆ. ಕೂಗ್ತಾ ಇದೆ. ನಿಲ್ಲಬೇಕು ಅಂದ್ಯಾ?"

ಸೂರಯ್ಯ ಬೀದಿಯೋರ ಕಡೆ ತಿರುಗಿದ.

"ಅಂದ್ಯೇನೋ? ಬೀದಿಯೋರೆಲ್ಲ ಇದ್ದಾರೆ, ಹೇಳು! ನಿಲ್ಲಬೇಕು ಅಂದ್ಯಾ?"

"ಇಲ್ಲ, ಅನ್ನಲಿಲ್ಲ!" ಅಂದಳು ಹೂವಿನ ಗಂಗಕ್ಕ. ಬೀದಿಯೆಲ್ಲ ಅದನ್ನೇ ಅಂತು. ಕ್ಷೌರದೋನೊಬ್ಬ ಮಾತ್ರ ಕಿವಿ ಮುಚ್ಚಿಕೊಂಡು, "ಬ್ಯಾಟರಿ ವೈರಾದ್ರೂ ಕೀಳಮ್ಮಾ ತಾಯಿ!" ಅಂದ.

"ವೈರು ಕಿತ್ತರೆ ಗಾಡಿ ಹೊರಡಲ್ಲ. ನನಗೆ ಸಂತೆಗೆ ಹೊತ್ತಾಯ್ತು. ಕೂಗ್ಲಿ ಬಿಡು!"

ಅಂದವಳೇ ಸೆರಗು ಸಿಕ್ಕಿಸಿ, ಕೀ ತಿರುವಿ, ಗಾಡಿ ಹೊರಡಿಸಿದಳು. ಪಕ್ಕದಲ್ಲಿ ಪಾಲಯ್ಯ. ಮುಂದೆ ಎತ್ತಿನ ಗಾಡಿ ಸರೀತು, ಲಾರಿ ಸರೀತು, ಮಂತ್ರಿ ಬಂದ ಅಂತ ಒಬ್ಬ ಪೊಲೀಸಿನೋನು ಸೆಲ್ಯೂಟು ಹೊಡೆದ. ಓಬಮ್ಮ ಮಗನಿಗೆ ಬುದ್ಧಿ ಹೇಳಿದಳು, "ಸಂತೇಲಿ ಜನ ನೂರು ಕೇಳ್ತಾರೆ. ನೀನು ಹೆದರಬೇಡ. ಯಾರು ಏನೇ ಕೇಳಿದ್ರೂ ಒಂದೇ ಮಾತು ಹೇಳು, ಕೂಗ್ಲಿ ಬಿಡು!"

"ಹಂಗೇ ಹೇಳ್ತೀನವ್ವ."

ಸಂತೇಲಿ ಸದ್ದು ಕೇಳಿ ಜನ ಮುತ್ತಿಕೊಂಡರು. "ಯಾಕಪ್ಪ ಇದು ಹಿಂಗೆ ಅರಚ್ತಾ ಇದೆ?" "ಕೂಗ್ಲಿ ಬಿಡು!" "ಎಣ್ಣೆ ಈ ವಾರದ್ದೇನಪ್ಪ?" "ಕೂಗ್ಲಿ ಬಿಡು!" "ನಿಂಗೆ ಮದುವೆ ಆಗಿದ್ಯಾ?" "ಕೂಗ್ಲಿ ಬಿಡು!" ನಗೋಕೆ ಬಂದೋರು ಎಣ್ಣೆ ಕೊಂಡೇ ಹೋದರು. ಹೊತ್ತು ಇಳಿಯೋ ಮುಂಚೆ ಡಬ್ಬಗಳೆಲ್ಲ ಖಾಲಿ.

ವಾಪಸ್ ಬರೋವಾಗ ಓಬಮ್ಮನ ಮನಸ್ಸು ತಣ್ಣಗಿತ್ತು, ಕಿವಿ ಮಾತ್ರ ಗುಂಯ್ ಅಂತಿತ್ತು. ಮಗನ ತಲೆ ಸವರಿ ಕೇಳಿದಳು, "ಮಗಾ, ಸ್ವಿಚ್ಚು ಎಲ್ಲಿಟ್ಟೆ ಅಂತ ಈಗಲಾದ್ರೂ ನೆನಪು ಬಂತಾ?"

ಪಾಲಯ್ಯನ ಮುಖ ಅರಳಿತು. ಬಾಯಿ ಬಿಡದೆ, ಹೌದು ಅನ್ನೋ ಹಂಗೆ ಗೋಣು ಆಡಿಸಿದ. ಹೋಗೋವಾಗಲೇ ನೆನಪು ಬಂದಿತ್ತು ಅವನಿಗೆ.

"ಅಪ್ಪಾ, ಸದ್ಯ! ಎಲ್ಲೋ?"

ಪಾಲಯ್ಯ ಎದೆ ಸೆಟೆದು ಕೂತ. "ಕೂಗ್ಲಿ ಬಿಡು!"

ಆ ಗಾಡಿ ಈಗಲೂ ಸಂತೆಗೆ ಕೂಗ್ತಾನೇ ಹೋಗತ್ತೆ, ಕೂಗ್ತಾನೇ ಬರತ್ತೆ. ಕೀ ಓಬಮ್ಮನ ಸೊಂಟದಲ್ಲೇ ಇದೆ.