ಹುಂಜ ಕೊಟ್ಟ ನಿದ್ದೆ

ಹುಣಸೆ ತೋಪಿನ ಪ್ರಾಣಿ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷಗಿರಿಗೆ ಹುಂಜ ನಿಂತಿತು. ಎದುರಾಳಿ ಎಮ್ಮೆ, ನಾಮಪತ್ರ ಕೊಟ್ಟು ಮಲಗಿದ್ದು ಇನ್ನೂ ಎದ್ದಿರಲಿಲ್ಲ.

"ಎಲ್ಲರೂ ನಮ್ಮವರೇ! ಎಲ್ಲರಿಗೂ ಕಣ್ತುಂಬ ನಿದ್ದೆ!" ಎಂಬುದು ಹುಂಜದ ಘೋಷಣೆ. ಅದನ್ನು ಸಾರಲು ನಡುರಾತ್ರಿ ಅಳಿಲನ್ನು ಎಬ್ಬಿಸಿತು, ನಸುಕಿಗೆ ಹಸುವನ್ನು ಎಬ್ಬಿಸಿತು, ಮಟಮಟ ಮಧ್ಯಾಹ್ನ ಗೂಬೆಯನ್ನೂ ಬಿಡಲಿಲ್ಲ.

"ಸ್ವಾಮೀ, ಈಗಷ್ಟೇ ಕಣ್ಣು ಹತ್ತಿತ್ತು," ಎಂದಿತು ಗೂಬೆ.

"ಅದಕ್ಕೇ ಬಂದೆ ತಾಯಿ! ಹಗಲು ಮಲಗುವವರನ್ನು ಇದುವರೆಗೆ ಯಾರಾದರೂ ವಿಚಾರಿಸಿದ್ದಾರೆಯೇ?" ಎಂದು ಹುಂಜ ಮತ್ತೊಮ್ಮೆ ಕೂಗಿತು.

ಕೂಗಿ ಕೂಗಿ ಮತದಾನದ ಹಿಂದಿನ ದಿನ ಅದರ ಗಂಟಲು ಕಟ್ಟಿಹೋಯಿತು. ಇಡೀ ತೋಪು ಮರುದಿನ ಸಂಜೆಯವರೆಗೂ ಗೊರಕೆ ಹೊಡೆಯಿತು. ಆಮೇಲೆ ಎಲ್ಲರೂ ಮೈಮುರಿಯುತ್ತ ಮತ ಹಾಕಲು ಬಂದರು.

"ಆಹಾ, ಎಂಥ ನಿದ್ದೆ!" ಎಂದಿತು ಗೂಬೆ. "ಇದನ್ನು ಕರುಣಿಸಿದವರಿಗೇ ನನ್ನ ಮತ. ಯಾರದು?"

ಹುಂಜ ಎದೆಯುಬ್ಬಿಸಿ ಬಾಯಿ ತೆರೆಯಿತು. ದನಿಯೇ ಹೊರಡಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಮಲಗಿದ್ದ ಎಮ್ಮೆ ನಿದ್ದೆಗಣ್ಣಲ್ಲೇ "ಹ್ಞೂಂ" ಎಂದಿತು.

ಎಮ್ಮೆ ಭರ್ಜರಿಯಾಗಿ ಗೆದ್ದಿತು. ಆ ಸುದ್ದಿ ಹೇಳಲು ಅದನ್ನು ಎಬ್ಬಿಸಬೇಕಲ್ಲ, ಹುಂಜದ ಗಂಟಲು ಬೇಗ ವಾಸಿಯಾಗಲೆಂದು ತೋಪಿನವರೆಲ್ಲ ಈಗ ಅದಕ್ಕೆ ಕಷಾಯ ಕುಡಿಸುತ್ತಿದ್ದಾರೆ.