ತೋರಿಸದ ಬಾಗಿಲು

ಕಡಲಲ್ಲಿ ಚಂಡಮಾರುತ ಎದ್ದಿದೆ ಎಂಬ ಸುದ್ದಿ ಬಂದಾಗ ದಂಡೆಯ ಮರಳೇಡಿಗಳೆಲ್ಲ ತಮ್ಮ ಬಿಲಗಳನ್ನು ಇನ್ನಷ್ಟು ಆಳ ಮಾಡತೊಡಗಿದವು. ಗಾಳಿಗೆ ಮುಂಚೆ ಪ್ರತಿ ಏಡಿಯೂ ನೆರೆಯವರನ್ನು ಕರೆದು ತನ್ನ ಬಾಗಿಲು ತೋರಿಸುವುದು ಅವುಗಳ ಪದ್ಧತಿ. ಅಲೆಗಳು ಮರಳು ತಂದು ಸುರಿದರೆ, ಮೊದಲು ಹೊರಬಂದವರು ಉಳಿದವರನ್ನು ತೋಡಿ ತೆಗೆಯಬೇಕು.

ಒಂದು ಗಂಡೇಡಿ ಮಾತ್ರ ಬಿಲದ ಮುಂದಿನ ಮರಳುಂಡೆಗಳನ್ನು ಚದುರಿಸಿ, ಹೆಜ್ಜೆ ಗುರುತನ್ನೂ ಅಳಿಸಿ ಬಂದಿತ್ತು. ನೀರಂಚಿನಲ್ಲಿ ಸಿಕ್ಕ ಮುದಿ ಏಡಿ ಕೇಳಿತು, "ನಿನ್ನ ಬಾಗಿಲು ಎಲ್ಲಿದೆಯಪ್ಪ?"

"ಯಾಕೆ ಹೇಳಲಿ? ಬೇಸಿಗೆಯೆಲ್ಲ ತೋಡಿದ ಮನೆ ಅದು. ಗೊತ್ತಾದರೆ ಎಲ್ಲರೂ ಜಾಗ ಕೇಳಿಕೊಂಡು ಬರುತ್ತಾರೆ."

"ಬಂದರೂ ಗಾಳಿ ನಿಂತ ಮೇಲೆ ಹೋಗುತ್ತಾರಲ್ಲ."

"ನನಗೆ ಯಾರೂ ಬೇಡ. ನಿಮ್ಮೆಲ್ಲರ ಮನೆಗಿಂತ ನನ್ನದು ಆಳ."

ಚಂಡಮಾರುತ ಬಂತು, ಹೋಯಿತು. ಗಂಡೇಡಿಯ ಮನೆಯೊಳಗೆ ಒಂದು ಹನಿ ನೀರೂ ಇಳಿಯಲಿಲ್ಲ. ಆದರೆ ಅಲೆಗಳು ತಂದ ಮರಳು ಬಾಗಿಲನ್ನು ಮುಚ್ಚಿಬಿಟ್ಟಿತ್ತು. ಅದು ಮೇಲಕ್ಕೆ ತೋಡತೊಡಗಿತು. ತೋಡಿದಷ್ಟೂ ಮರಳು ಜಾರಿ ತಲೆಯ ಮೇಲೇ ಬಿತ್ತು. ಅಷ್ಟರಲ್ಲಿ ನೆತ್ತಿಯ ಮೇಲೆ ಕಾಲುಗಳ ಸದ್ದಾಯಿತು. ಗಂಡೇಡಿ ಕೂಗಿತು. ಅಷ್ಟು ಆಳದಿಂದ ಕೂಗು ಮೇಲೆ ಹೋಗಲಿಲ್ಲ.

"ಇಲ್ಲೂ ಸ್ವಲ್ಪ ತೋಡೋಣವೇ?" ಎಂದು ಯಾರೋ ಕೇಳಿದರು.

"ಇಲ್ಲಿ ಯಾರೂ ಬಾಗಿಲು ತೋರಿಸಿಲ್ಲ," ಎಂದಿತು ಮುದಿ ಏಡಿ. "ದಂಡೆಯಿಡೀ ತೋಡಲಾಗುತ್ತದೆಯೇ? ತೋರಿಸಿದವರೇ ಇನ್ನೂ ಒಳಗಿದ್ದಾರೆ, ನಡಿ."

ಕಾಲುಗಳ ಸದ್ದು ಪಕ್ಕದ ಬಾಗಿಲಿನ ಕಡೆಗೆ ಸರಿಯಿತು. ಹನಿ ನೀರೂ ಸೋರದ ಮನೆಯಲ್ಲಿ ಕೂತು ಗಂಡೇಡಿ ಅದನ್ನು ಕೊನೆಯವರೆಗೂ ಕೇಳಿಸಿಕೊಂಡಿತು.