ಚುಕ್ಕಾಣಿ ಹಿಡಿದವನ ತಮ್ಮ

ದ್ವೀಪದ ಬಂದರಿನಲ್ಲಿ ಜಟ್ಟಪ್ಪನೆಂಬ ಮುದುಕನಿದ್ದ. ಮುಳುಗಿದ ಹಡಗುಗಳೊಳಗಿಂದ ಸರಕು ಎತ್ತಿ ಕೊಡುವುದು ಅವನ ಕಸುಬು. ಅದನ್ನು ಕಲಿಯಲು ಅವನ ಬಳಿ ನಿಂತವನು ಮಂಕಾಳ.

ಆ ವರ್ಷ ಬಂದರಿನ ಬಾಯಲ್ಲೇ ಒಂದು ಹಡಗು ಮುಳುಗಿತು. ಚುಕ್ಕಾಣಿ ಹಿಡಿದಿದ್ದವನು ಮಂಕಾಳನ ಅಣ್ಣ ದೇವು. ಒಬ್ಬನೂ ಬದುಕಿ ಬರಲಿಲ್ಲ.

ಹೆಣಗಳನ್ನು ಮಣ್ಣು ಮಾಡಿದ ಮೇಲೆ, ಹಡಗಿನ ಒಡೆಯ ಪಾಂಡಪ್ಪ ಸಾಹುಕಾರ ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದ: "ದೇವು ಕುಡಿದಿದ್ದ. ಹಡಗನ್ನು ಬಂಡೆಗೆ ಹೊಡೆಸಿದ. ಅವನಿಂದ ಎಲ್ಲರೂ ಸತ್ತರು."

ಸತ್ತವರ ಹೆಂಡಂದಿರು ದೇವುವಿನ ಮನೆಯ ಮುಂದೆ ಉಗುಳಿ ಹೋದರು.

ಮರುದಿನ ಸಾಹುಕಾರ ಜಟ್ಟಪ್ಪನ ಗುಡಿಸಲಿಗೆ ಬಂದ. "ಹಡಗಿನೊಳಗೆ ನನ್ನ ಕಂಚಿನ ಸಾಮಾನಿದೆ. ಎತ್ತಿ ಕೊಡ್ತೀಯಾ?"

"ಎತ್ತೋಣ," ಎಂದ ಜಟ್ಟಪ್ಪ.

ಸಾಹುಕಾರ ಅತ್ತ ಹೋದದ್ದೇ ತಡ, ಮಂಕಾಳ ಕೈಯಲ್ಲಿದ್ದ ಹಗ್ಗವನ್ನು ಗುರುವಿನ ಕಾಲ ಬುಡಕ್ಕೆ ಎಸೆದ.

"ಅಣ್ಣ ಒಂದು ಹನಿ ಮುಟ್ಟಿದವನಲ್ಲ. ನಿಮಗೆ ಗೊತ್ತು. ಆದರೂ ಆ ಸಾಹುಕಾರನ ಕೆಲಸ ಒಪ್ಪಿಕೊಂಡಿರಿ."

"ಒಪ್ಪಿಕೊಂಡೆ."

"ನಿಮಗೆ ಸಿಟ್ಟೇ ಬರೋದಿಲ್ಲವಾ ಅಜ್ಜ?"

"ಹಗ್ಗ ತಗೋ. ದೋಣಿ ಹತ್ತು."

ಮಂಕಾಳ ಬೈಯುತ್ತಲೇ ಹುಟ್ಟು ಹಾಕಿದ. ಬೈಯುತ್ತಲೇ ನೀರಿಗೆ ಹಾರಿದ. ಅರ್ಧ ಆಳ ಇಳಿಯುವಷ್ಟರಲ್ಲಿ ಎದೆ ಬಿರಿಯುವಂತಾಗಿ ಮೇಲೆದ್ದು ಬಂದ.

"ಉಸಿರು ಸಾಲಲಿಲ್ಲ," ಎಂದ.

"ಇಲ್ಲಿ ಕೂತು ಬೈದೆಯಲ್ಲ, ಅದಕ್ಕೇ ಖರ್ಚಾಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಇಳಿ."

"ಕಂಚು ಹುಡುಕಲಾ?"

"ಕಂಚು ಎಲ್ಲೂ ಹೋಗೋದಿಲ್ಲ. ಬಂಡೆ ಹೊಡೆದ ಜಾಗ ಹುಡುಕು."

ಹಡಗು ಮರಳಿನ ಮೇಲೆ ಮಗ್ಗುಲಾಗಿ ಮಲಗಿತ್ತು. ಮಂಕಾಳ ಅದರ ಅಡಿಯ ಉದ್ದಕ್ಕೂ ಅಂಗೈ ಆಡಿಸಿದ. ಹೊಡೆತದ ಗುರುತು ಎಲ್ಲೂ ಸಿಗಲಿಲ್ಲ. ಪಕ್ಕದ ಹಲಗೆಯೊಂದರ ಮೇಲೆ ಕೈ ಒತ್ತಿದಾಗ ಬೆರಳು ಒಳಗೇ ಹೋಯಿತು. ಹೊರಗೆ ಹೊಸ ಬಣ್ಣ. ಒಳಗೆಲ್ಲ ಹುಳು ತಿಂದು ಜಾಳಾದ ಮರ.

ಮೇಲೆ ಬಂದು ದೋಣಿಯ ಅಂಚು ಹಿಡಿದ.

"ಬಂಡೆ ತಾಗಿಯೇ ಇಲ್ಲ," ಎಂದ. "ಸಾಹುಕಾರ ಕೊಳೆತ ಹಲಗೆಗೆ ಬಣ್ಣ ಬಳಿದು ಕಳಿಸಿದ್ದಾನೆ. ನಿಮಗೆ ಮೊದಲೇ ಗೊತ್ತಿತ್ತಾ?"

"ಅನುಮಾನ ಇತ್ತು. ಆದರೆ ಅವನ ಅಪ್ಪಣೆಯಿಲ್ಲದೆ ಅವನ ಹಡಗು ಮುಟ್ಟುವ ಹಾಗಿರಲಿಲ್ಲ. ಈಗ ಅವನೇ ಮುಟ್ಟು ಅಂದಿದ್ದಾನೆ."

ಜಟ್ಟಪ್ಪ ಹಾರೆ ಎತ್ತಿ ಕೊಟ್ಟ. ಕೊಟ್ಟರೂ ಹಿಡಿ ಬಿಡಲಿಲ್ಲ; ಮಂಕಾಳ ಎಳೆದು ತೆಗೆದುಕೊಳ್ಳಬೇಕಾಯಿತು. ಮುದುಕನಿಗೂ ಸಿಟ್ಟಿದೆಯೆಂದು ಅವನಿಗೆ ಆಗ ತಿಳಿಯಿತು. ಅವನು ಕೆಳಗಿಳಿದು ಹಲಗೆಯನ್ನು ಕಿತ್ತು ತಂದ.

ಸಂಜೆ ಧಕ್ಕೆಯಲ್ಲಿ ಸಾಹುಕಾರ ಕಾಯುತ್ತಿದ್ದ. ಮೀನು ಇಳಿಯುವ ಹೊತ್ತು, ಊರೆಲ್ಲ ಅಲ್ಲೇ ಇತ್ತು. ಜಟ್ಟಪ್ಪ ಹಲಗೆಯನ್ನು ಹೊತ್ತು ಹೋಗಿ ಸತ್ತವರ ಹೆಂಡಂದಿರ ಮುಂದೆ ಇಳಿಸಿದ. ಸಾಹುಕಾರನ ಹಡಗಿನ ಬಣ್ಣವಿದ್ದ ಮೈ ಕೆಳಗೆ, ಹುಳು ತಿಂದ ಮೈ ಮೇಲೆ.

"ಇದೇನು? ನನ್ನ ಕಂಚೆಲ್ಲಿ?" ಎಂದ ಸಾಹುಕಾರ.

"ನಿಮ್ಮ ಹಡಗಿಂದ ಮೊದಲು ಸಿಕ್ಕಿದ್ದು ಇದು," ಎಂದ ಜಟ್ಟಪ್ಪ.

ಒಬ್ಬ ಹೆಂಗಸು ಬಗ್ಗಿ ಹಲಗೆ ಮುಟ್ಟಿದಳು. ಮರ ಅವಳ ಬೆರಳುಗಳ ನಡುವೆ ಹಿಟ್ಟಾಯಿತು. ಅವಳು ಸಾಹುಕಾರನ ಕಡೆ ತಿರುಗಿದಳು.

ಸಾಹುಕಾರ ನಕ್ಕ. "ಕುಡುಕನ ತಮ್ಮ ಎಲ್ಲಿಂದಲೋ ಕಟ್ಟಿಗೆ ಹೊತ್ತು ತಂದರೆ ನೀವೆಲ್ಲ ನಂಬ್ತೀರಾ?"

ಮಂಕಾಳ ಹಾರೆ ಎತ್ತಿದ. ಏಟು ಬೀಳುವ ಮೊದಲೇ ಜಟ್ಟಪ್ಪ ಅವನ ಮಣಿಕಟ್ಟು ಹಿಡಿದ.

"ಬಿಡಿ ಅಜ್ಜ. ಒಂದೇ ಏಟು."

ಜಟ್ಟಪ್ಪ ಹಿಡಿತ ಸಡಿಲಿಸಲಿಲ್ಲ.

"ನೀನು ಹೊಡೆದರೆ ಊರು ನಿನ್ನನ್ನು ನೋಡುತ್ತೆ. ಹಲಗೆಯನ್ನು ನೋಡಲಿ."